ಹೊಸ ಚಕಮಕಿಗೆ ಎಷ್ಟು ಮದ್ದು

ಮಕ್ಕಳೇ, ಅಡುಗೆಮನೆಯ ಗೋಡೆಗೆ ನೇತುಹಾಕಿರುವ ತೂತು ಮೊರವನ್ನು ಯಾಕೆ ಬಿಸಾಡಿಲ್ಲ ಎಂದು ನೀವು ಬಂದಾಗಲೆಲ್ಲ ಕೇಳುತ್ತೀರಿ. ನಿಮ್ಮಮ್ಮನಂತೂ ಮುಳಬಾಗಿಲಿನಿಂದ ಹೊಸ ಮೊರ ತಂದುಕೊಟ್ಟು, ಹಳೆಯದನ್ನು ಒಲೆಗೆ ಹಾಕು ಎಂದು ಹೇಳಿ ಹೋಗಿದ್ದಾಳೆ. ಹೊಸ ಮೊರದಲ್ಲಿ ರಾಗಿ ಕೇರುತ್ತಿದ್ದೇನೆ. ಹಳೆಯದು ಗೋಡೆಯ ಮೇಲೆಯೇ ಇರುತ್ತದೆ. ಬಾಯಲ್ಲಿ ಹೇಳಲು ಹೋದರೆ ನನಗೆ ಮಾತು ಅರ್ಧಕ್ಕೇ ನಿಂತುಬಿಡುತ್ತದೆ. ನಾಲ್ಕು ಜನ ಸೇರಿದ ಕಡೆ ಬಾಗಿಲ ಹಿಂದೆ ನಿಲ್ಲುವವಳು ನಾನು. ಊರಿನ ಶಾಲೆಯಲ್ಲಿ ಕಲಿತ ಅಕ್ಷರ ಕೈಯಲ್ಲಿ ಉಳಿದಿದೆಯಲ್ಲ, ಅದರಿಂದ ಬರೆಯುತ್ತೇನೆ. ಓದಿಕೊಳ್ಳಿ.

ನಮ್ಮ ಊರು ರಾಯಲ್ಪಾಡಿನಿಂದಾಚೆ, ಆಂಧ್ರದ ಗಡಿಯ ಗುಡ್ಡಗಳಿಗೆ ಅಂಟಿಕೊಂಡಿರುವುದು ನಿಮಗೆ ಗೊತ್ತು. ಮನೆಯ ಹಿಂದೆ ಟೊಮೆಟೊ, ಅದರಾಚೆ ಮಾವು, ಎದುರಿಗೇ ಗುಡ್ಡದ ಬುಡದಲ್ಲಿ ಕಡಲೆಕಾಯಿ ಹೊಲ. ಆ ಹೊಲ ನಿಮ್ಮ ತಾತನ ಪಾಲಿಗೆ ಬಂದದ್ದು. ಕೆಂಪು ಮರಳುಮಣ್ಣು, ಗಿಡ ಹಿಡಿದು ಎಳೆದರೆ ಕಾಯಿಯ ಗೊಂಚಲು ಹಾಗೇ ಈಚೆ ಬರುತ್ತದೆ. ನೀವು ದೀಪಾವಳಿಗೆ ಬಂದಾಗ ಉಪ್ಪು ಹಾಕಿ ಬೇಯಿಸಿಕೊಡುವುದು ಅಲ್ಲಿಯ ಕಾಯನ್ನೇ. ಆದರೆ ಅದರ ರುಚಿ ಮನುಷ್ಯರಿಗಿಂತ ಮೊದಲು ಕಾಡುಹಂದಿಗೆ ಗೊತ್ತಾಗುತ್ತದೆ. ಕಾಯಿ ಬಲಿಯುವ ಹೊತ್ತಿಗೆ ಗುಡ್ಡದಿಂದ ಹಿಂಡಾಗಿ ಇಳಿಯುತ್ತವೆ. ಒಂದು ಸಾಲು ಹಿಡಿದರೆ ಮೂತಿಯಲ್ಲೇ ಉತ್ತ ಹಾಗೆ ಕೊನೆಯವರೆಗೂ ಎಬ್ಬಿಸಿಕೊಂಡು ಹೋಗುತ್ತವೆ.

ಅದಕ್ಕೇ ನಮ್ಮ ಮನೆಯಲ್ಲಿ ತುಪಾಕಿ ಇತ್ತು. ಬಂದೂಕಿಗೆ ನಮ್ಮ ಕಡೆ ತುಪಾಕಿ ಎನ್ನುತ್ತಾರೆ. ಬೆಳೆ ಕಾಯುವುದಕ್ಕೆಂದು ಲೈಸೆನ್ಸ್ ಕೊಟ್ಟದ್ದು. ಸಿನಿಮಾದಲ್ಲಿ ತೋರಿಸುವ ಹಾಗೆ ತೋಟಾ ಹಾಕಿ ಹೊಡೆಯುವಂಥದ್ದಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ನಾರಿನ ಉಂಡೆ ಇಟ್ಟು, ಗಜ ಎನ್ನುವ ಉದ್ದನೆಯ ಕೋಲಿನಿಂದ ಜಡಿದು, ಆಮೇಲೆ ಸೀಸದ ಕಾಳು ಹಾಕಿ, ಮತ್ತೆ ನಾರು ಜಡಿಯಬೇಕು. ಕೊನೆಯಲ್ಲಿ ಬುಡದ ಕಿವಿಗೆ ತಾಮ್ರದ ಪುಟ್ಟ ಕೇಪು ಇಡುವುದು. ಬೆರಳಲ್ಲಿ ಎಳೆದಾಗ ಕುದುರೆ ಎನ್ನುವ ಪುಟ್ಟ ಸುತ್ತಿಗೆ ಬಡಿದು, ಕೇಪು ಸಿಡಿದು ಒಳಗಿನ ಮದ್ದು ಹೊತ್ತುತ್ತದೆ. ನಿಮ್ಮ ತಾತನ ತಾತನ ಕಾಲದಲ್ಲಿ ಅದಕ್ಕೆ ಕೇಪೂ ಇರಲಿಲ್ಲವಂತೆ. ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿಸುತ್ತಿತ್ತಂತೆ. ಆಮೇಲೆ ಯಾರೋ ಕಲ್ಲು ತೆಗೆಸಿದರು. ಹೆಸರು ಮಾತ್ರ ಚಕಮಕಿ ಎಂದೇ ಉಳಿಯಿತು. ‘ಚಕಮಕಿ ಎಲ್ಲಿ, ಚಕಮಕಿಗೆ ಎಣ್ಣೆ ಹಾಕಿದ್ರಾ’ ಎಂದು ಮನೆಯಲ್ಲಿ ಇನ್ನೊಬ್ಬರ ಹಾಗೆ ಅದರ ಮಾತು ನಡೆಯುತ್ತಿತ್ತು.

ನಿಮ್ಮ ತಾತ ಹಂದಿಗೆ ಗುರಿಯಿಟ್ಟವರಲ್ಲ. ಕೊಲ್ಲಲು ಕಾನೂನು ಬಿಡುವುದಿಲ್ಲ, ಅವರಿಗೆ ಮನಸ್ಸೂ ಇರಲಿಲ್ಲ. ಅವರು ಹೊಡೆಯುತ್ತಿದ್ದುದು ಡೋಲುಬಂಡೆಗೆ. ಹೊಲದ ನೆತ್ತಿಯ ಮೇಲೆ ಎರಡು ಬಂಡೆ ಒಂದಕ್ಕೊಂದು ಒರಗಿಕೊಂಡು ನಡುವೆ ಗುಹೆಯಂಥ ಪೊಳ್ಳು ಇದೆಯಲ್ಲ, ಅದೇ. ಬರಿಯ ಸದ್ದಿಗೆ ಹಂದಿ ಹೆದರುವುದಿಲ್ಲ. ಪಟಾಕಿ ಹೊಡೆದವರೆಲ್ಲ ನೋಡಿದ್ದಾರೆ: ಮೊದಲ ದಿನ ಓಡುತ್ತದೆ, ಮಾರನೆಯ ದಿನ ಕಿವಿ ಎತ್ತುತ್ತದೆ, ಆಮೇಲೆ ತಿನ್ನುವುದನ್ನು ನಿಲ್ಲಿಸುವುದೂ ಇಲ್ಲ. ಆದರೆ ಸೀಸದ ಕಾಳೆಲ್ಲ ಒಟ್ಟಾಗಿ ಹೋಗಿ ಡೋಲುಬಂಡೆಯ ಸರಿಯಾದ ಜಾಗಕ್ಕೆ ಬಡಿದರೆ ಆ ಪೊಳ್ಳು ಸದ್ದನ್ನು ನುಂಗಿ ವಾಪಸ್ಸು ಉಗುಳುತ್ತದೆ. ಗುಡ್ಡವೇ ಎದ್ದು ಮೈಮೇಲೆ ಬಂದ ಹಾಗೆ. ಆಗ ಹಂದಿ ಆ ಕಡೆಯ ಇಳಿಜಾರಿಗೆ ಹೋಗಿ ಬಹಳ ದಿನ ಇತ್ತ ತಲೆ ಹಾಕುವುದಿಲ್ಲ.

ನಿಮ್ಮ ತಾತ ತೀರಿಕೊಂಡ ಮೇಲೆ ಚಕಮಕಿಯೂ ಉಳಿಯಲಿಲ್ಲ. ನಳಿಗೆಯ ಬುಡದಲ್ಲಿ ಬಿರುಕು ಬಿಟ್ಟಿತ್ತು. ರಿಪೇರಿಯವನು ನೋಡಿ, ಇನ್ನೊಂದು ಸಲ ಹೊಡೆದರೆ ಹೊಡೆದವರ ಮುಖವೇ ಹೋಗುತ್ತದೆ ಎಂದ. ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಲು ನಿಮ್ಮಮ್ಮ ಓಡಾಡಿದಳು. ನಾನು ಕೋಲಾರಕ್ಕೆ ಹೋಗಿ, ಪೊಲೀಸರು ಊರಿನವರಿಗೆ ಬಂದೂಕು ಹಿಡಿಯುವುದನ್ನು ಕಲಿಸುವ ಮೈದಾನದಲ್ಲಿ, ಪ್ಯಾಂಟು ಹಾಕಿದ ಗಂಡಸರ ಸಾಲಿನ ತುದಿಯಲ್ಲಿ ನಿಂತೆ. ಕಲಿಸುವವರು ನನ್ನ ಬಳಿ ಬಂದು, "ಅಮ್ಮಾ, ಅದು ಕೂಸಲ್ಲ, ಕಂಕುಳಲ್ಲಿ ಎತ್ಕೋಬೇಡಿ. ಭುಜಕ್ಕೆ ಒತ್ತಿ," ಎಂದರು. ಸಾಲೆಲ್ಲ ನಕ್ಕಿತು. ನಾನು ಒತ್ತಿದೆ.

ಹೊಸ ತುಪಾಕಿ ತರಲು ಅಂಗಡಿಗೆ ಹೋದಾಗ, "ಯಾರಿಗಮ್ಮಾ?" ಎಂದು ಕೇಳಿದರು. "ನನಗೆ" ಎಂದೆ. ಅಷ್ಟು ಹೇಳುವುದಕ್ಕೇ ರವಿಕೆಯ ಬೆನ್ನು ಒದ್ದೆಯಾಯಿತು. ಇದಕ್ಕೆ ಎಷ್ಟು ಮದ್ದು ಹಾಕಬೇಕು ಎಂದೂ ಕೇಳಬೇಕಿತ್ತು. ಅಂಗಡಿಯ ತುಂಬ ಗಂಡಸರು ಇದ್ದರು. ಕೇಳದೆ ಬಂದೆ.

ಹೊಸದಕ್ಕೂ ಚಕಮಕಿ ಎಂದೇ ಹೆಸರಾಯಿತು. ಅದು ಮನೆಗೆ ಬಂದ ಸಂಜೆಯೇ ನನ್ನ ಮೈದುನ, ಅಂದರೆ ನಿಮ್ಮ ಚಿಕ್ಕತಾತ, ಜಗಲಿಯ ಮೇಲೆ ಬಂದು ಕೂತರು. ನಮ್ಮದು ಪಕ್ಕಪಕ್ಕದ ಮನೆ. ಅತ್ತೆ ಅವರ ಮನೆಯಲ್ಲೇ ಇದ್ದರು. ಮೈದುನ ತುಪಾಕಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸವರುತ್ತಾ, "ಹೆಸ್ರು ನಿಮ್ದೇ ಇರ್ಲಿ ಅತ್ತಿಗೆ, ಯಾರು ಬ್ಯಾಡ ಅಂದ್ರು? ತುಪಾಕಿ ನಮ್ಮನೇಲಿರ್ಲಿ. ಹಂದಿ ಓಡ್ಸೋನು ನಾನು ತಾನೇ?" ಎಂದರು.

ನಾನು ಕಾಫಿಯ ಲೋಟ ಅವರ ಪಕ್ಕ ಇಟ್ಟೆ.

"ಕಾಯೋನು ನಾನಾದ್ಮೇಲೆ ಗುಡ್ಡದ ಹೊಲಾನೂ ನಾನೇ ನೋಡ್ಕೋತೀನಿ. ಕಳ್ಳೇಕಾಯಿ ಯಾಕೆ ಈ ವಯಸ್ಸಲ್ಲಿ ನಿಮ್ಗೆ? ಮಾವಿನ ಸಸಿ ಇಟ್ಬಿಡ್ತೀನಿ. ವರ್ಷಕ್ಕೆ ಇಷ್ಟು ಕಾಯಿ ಅಂತ ಕೊಡ್ತೀನಿ, ಕೂತ್ಕೊಂಡು ತಿನ್ನಿ."

ಕೆಟ್ಟ ಮನುಷ್ಯ ಅಲ್ಲ ಅವರು. ನಿಮ್ಮ ತಾತನಿಗೆ ಕಾಯಿಲೆಯಾದಾಗ ರಾತ್ರಿಯೆಲ್ಲ ಕೂತಿದ್ದವರು. ಆದರೆ ಅವರ ಲೆಕ್ಕ ನನಗೆ ಚೆನ್ನಾಗಿ ಅರ್ಥವಾಯಿತು. ತುಪಾಕಿ ಹೋದರೆ ಹಂದಿ ಕಾಯಲು ಆಗುವುದಿಲ್ಲ. ಹಂದಿ ಕಾಯಲು ಆಗದಿದ್ದರೆ ಹೊಲ ಹೋಯಿತು. ಆಮೇಲೆ ನಾನು ನನ್ನ ಮನೆಯಲ್ಲೇ ಇನ್ನೊಬ್ಬರು ಹಾಕಿದ್ದನ್ನು ಕೂತು ತಿನ್ನುವವಳು. ತುಪಾಕಿಯನ್ನು ಅವರ ತೊಡೆಯಿಂದ ಎತ್ತಿಕೊಂಡು ಒಳಗೆ ಹೋಗಿ ಬೀರುವಿನ ಪಕ್ಕ ನಿಲ್ಲಿಸಿದೆ. ಅದೇ ನನ್ನ ಉತ್ತರ. ಅವರಿಗೆ ಅದು ಸಾಲಲಿಲ್ಲ.

ವಿಷಯ ಅರಳಿಕಟ್ಟೆಗೆ ಹೋಯಿತು. ನಾನು ಹುಲ್ಲಿನ ಹೊರೆ ಹೊತ್ತು ಆ ದಾರಿಯಲ್ಲಿ ಬರುವಾಗಲೇ ಮಾತು ನಡೆದಿತ್ತು, ನನ್ನನ್ನು ನಿಲ್ಲಿಸಿದರು. ಕಟ್ಟೆಯ ಹಿರಿಯರೊಬ್ಬರು, "ಏನಮ್ಮಾ, ತುಪಾಕಿ ಬೇಕು ಅಂತೀಯಂತೆ. ಬೇಕಾದ್ರೆ ಹೊಡೆಯೋಕೆ ಬರಬೇಕಲ್ಲ? ಆಯುಧಪೂಜೆ ದಿನ ನಿನ್ನ ಹೊಲದ ಬದುವಿನ ಮೇಲೆ ತೆಂಗಿನಕಾಯಿ ಇಡೋಣ. ಒಡೆದ್ರೆ ತುಪಾಕಿ ನಿಂದು. ಇಲ್ದಿದ್ರೆ ಮೈದುನನ ಮನೇಲಿರ್ಲಿ. ಆಯ್ತಾ?" ಎಂದರು.

ತಲೆಯ ಮೇಲೆ ಹೊರೆ, ಎದುರಿಗೆ ಅಷ್ಟು ಜನ. ನಾನು ಕಣ್ಣು ಕೆಳಗೆ ಮಾಡಿದೆ. ಅದನ್ನು ಒಪ್ಪಿಗೆ ಎಂದುಕೊಂಡರು. ಮನೆಗೆ ಬಂದು ಹೊರೆ ಎಸೆದು ಹಸುವಿನ ಮುಂದೆ ಗಟ್ಟಿಯಾಗಿ ಬೈದೆ. ಯಾರ ಲೈಸೆನ್ಸು, ಯಾರ ಹೊಲ, ಇವರ್ಯಾರು ಕಾಯಿ ಇಡುವುದಕ್ಕೆ! ಹಸು ಮೆಲುಕು ಹಾಕುತ್ತಾ ಕೇಳಿಸಿಕೊಂಡಿತು.

ಮಾರನೆಯ ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದು ತುಪಾಕಿ ಎತ್ತಿಕೊಂಡು ಹೊಲಕ್ಕೆ ಹೋದೆ. ನಿಮ್ಮ ತಾತನ ಮದ್ದಿನ ಅಳತೆ ನನ್ನ ಬಳಿಯೇ ಇತ್ತು: ದನದ ಕೊಂಬಿನ ತುದಿ ಕೊಯ್ದು ಮಾಡಿದ್ದು. ಅವರು ಅದರ ತುಂಬ ಹಾಕುತ್ತಿದ್ದುದನ್ನು ಎಷ್ಟು ವರ್ಷ ನೋಡಿದ್ದೆ! ನಾನೂ ತುಂಬ ಹಾಕಿದೆ. ಜಡಿದೆ. ಬದುವಿನ ಕಡೆ ಹಿಡಿದು ಒತ್ತಿದೆ.

ಆಮೇಲೆ ಏನಾಯಿತೆಂದು ಸ್ವಲ್ಪ ಹೊತ್ತು ನನಗೇ ತಿಳಿಯಲಿಲ್ಲ. ಕಡಲೆಕಾಯಿ ಗಿಡದ ಮೇಲೆ ಕಾಲು ಚಾಚಿ ಕೂತಿದ್ದೆ. ಕಿವಿಯಲ್ಲಿ ಜೀರುಂಡೆ. ಭುಜವನ್ನು ಯಾರೋ ಒನಕೆಯಿಂದ ಕುಟ್ಟಿದ ಹಾಗಿತ್ತು. ಹೊಗೆಯ ಆಚೆಯಿಂದ ನನ್ನ ಓರಗಿತ್ತಿ, ಮೈದುನನ ಹೆಂಡತಿ, ಸೀರೆ ಎತ್ತಿಕಟ್ಟಿಕೊಂಡು ಓಡಿಬರುತ್ತಿದ್ದಳು.

"ಅಕ್ಕಾ! ಬದುಕಿದ್ದೀರಾ?"

"ಕಿವಿ ಕೇಳ್ತಿಲ್ಲ ಕಣೇ."

"ಕಿವಿ ಹೋದ್ರೆ ಒಳ್ಳೇದೇ ಬಿಡಿ, ನಮ್ಮನೆಯವ್ರ ಮಾತು ಕೇಳಿಸ್ಕೊಳ್ಳೋದು ತಪ್ತು," ಎಂದು ನನ್ನನ್ನು ಎಬ್ಬಿಸಿ ಮಣ್ಣು ಕೊಡವಿದಳು. ಆಮೇಲೆ ನಾವಿಬ್ಬರೂ ಬದುವಿನ ಮೇಲೆ ಕೂತು ಅಳುವಷ್ಟು ನಕ್ಕೆವು. ಅಂದಿನಿಂದ ಅವಳು ದಿನಾ ಬರತೊಡಗಿದಳು. ಗಂಡನಿಗೆ, ಸೊಪ್ಪು ಕೀಳೋಕೆ ಹೋಗ್ತೀನಿ ಎಂದು ಹೇಳಿ ಬರುತ್ತಿದ್ದಳು. ಆ ತಿಂಗಳು ಅವರ ಮನೆಯಲ್ಲಿ ಬರೀ ಸೊಪ್ಪಿನ ಸಾರು.

ಭುಜಕ್ಕೆ ಅರಿಶಿನ, ಎಣ್ಣೆ ಹಚ್ಚಿಕೊಂಡು ಕೂತಾಗ ತಪ್ಪು ಎಲ್ಲಿ ಎಂದು ಹೊಳೆಯಿತು. ಹಳೆಯ ಚಕಮಕಿಯ ನಳಿಗೆ ಒಳಗೆಲ್ಲ ಸವೆದಿತ್ತು. ಹೊಡೆದಾಗ ಕೇಪಿನ ಕಿವಿಯಿಂದಲೇ ಅರ್ಧ ಹೊಗೆ ಹೋಗುತ್ತಿತ್ತು. ಸದ್ದು ಕಡಿಮೆಯಾಗಿದೆ ಎನ್ನಿಸಿದಾಗಲೆಲ್ಲ ನಿಮ್ಮ ತಾತ ಚಾಕುವಿನಿಂದ ಆ ಕೊಂಬಿನ ಒಳಗನ್ನು ಇನ್ನಷ್ಟು ಕೆರೆದು ಆಳ ಮಾಡುತ್ತಿದ್ದರು. ಅದು ಮುದಿ ತುಪಾಕಿಯ ಅಳತೆ. ಈ ಹೊಸ ನಳಿಗೆ ಬಿಗಿ. ಒಂದು ಕಾಳಿನಷ್ಟು ಬಿಸಿಯೂ ಹೊರಗೆ ಹೋಗುವುದಿಲ್ಲ. ಇದಕ್ಕೆ ಇದರದೇ ಅಳತೆ ಹುಡುಕಬೇಕು, ಕಡಿಮೆಯಿಂದ ಶುರು ಮಾಡಿ ಮೇಲೆ ಹೋಗಬೇಕು.

ಅಳತೆಗೆ ಏನನ್ನು ಇಟ್ಟುಕೊಳ್ಳುವುದು? ಸ್ಟೀಲಿನ ಚಮಚದಲ್ಲಿ ನಳಿಗೆಯ ಬಾಯಿಗೆ ಸುರಿದರೆ ಅರ್ಧ ಹೊರಗೆ ಚೆಲ್ಲುತ್ತದೆ. ಪೆಟ್ಟಿಗೆಯಲ್ಲಿ ಹುಡುಕುವಾಗ ನನ್ನ ಕುಂಕುಮದ ಭರಣಿ ಸಿಕ್ಕಿತು. ಮದುವೆಯಲ್ಲಿ ತವರಿನವರು ಕೊಟ್ಟ ಹಿತ್ತಾಳೆಯದು. ನಿಮ್ಮ ತಾತ ಹೋದ ಮೇಲೆ ಯಾರೋ ಅದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಅಡಿಗೆ ಹಾಕಿದ್ದರು. ಅದರ ಮುಚ್ಚಳ ಗೋಪುರದಂತೆ, ಒಳಗೆ ಪೊಳ್ಳು. ತಲೆಕೆಳಗಾಗಿ ಹಿಡಿದರೆ ಬೆರಳಿಗೆ ಸರಿಯಾಗಿ ಕೂರುತ್ತಿತ್ತು. ಹಿತ್ತಾಳೆ ಕಿಡಿ ಹಾರಿಸುವುದೂ ಇಲ್ಲ. ತೊಳೆದು ಬಿಸಿಲಿಗೆ ಇಟ್ಟೆ.

ಓರಗಿತ್ತಿ ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಕ್ಕಾ, ಭರಣೀಲಿ ಮದ್ದಾ?"

"ಸುಮ್ನೆ ಬಿದ್ದಿತ್ತು. ಕೆಲಸ ಕೊಟ್ಟೆ."

ಗುರಿಗೆ ಹಳೆಯ ಮೊರ. ಸಂದು ಮುಚ್ಚುವಂತೆ ಸಗಣಿ ಸಾರಿಸಿ ಒಣಗಿಸಿ, ನಡುವೆ ರಂಗೋಲಿಯ ದೊಡ್ಡ ಚುಕ್ಕಿ ಇಟ್ಟು, ಬದುವಿಗೆ ಒರಗಿಸಿದೆ. ಸಾರಿಸಿದ ಮೊರದಲ್ಲಿ ಒಂದೊಂದು ಕಾಳೂ ಎಲ್ಲಿ ಹೊಕ್ಕಿದೆ ಎಂದು ಕಾಣುತ್ತದೆ. ಹೊಡೆದ ಮೇಲೆ ಬೆಳಕಿಗೆ ಎತ್ತಿ ನೋಡಿ, ತೂತುಗಳಿಗೆ ಮತ್ತೆ ಸಗಣಿ ಮೆತ್ತಿ, ಇನ್ನೊಂದು ಚುಕ್ಕಿ ಇಡುವುದು.

ಅರ್ಧ ಮುಚ್ಚಳ ಮದ್ದಿಗೆ ಕಾಳು ಮೊರವನ್ನೇ ಮುಟ್ಟಲಿಲ್ಲ. ಮದುವೆಮನೆಯಲ್ಲಿ ಹಿಂದಿನ ಸಾಲಿನವರು ಎಸೆದ ಅಕ್ಷತೆಯ ಹಾಗೆ ದಾರಿಯಲ್ಲೇ ಉದುರಿತು. ಸ್ವಲ್ಪ ಏರಿಸಿದೆ, ಮೊರಕ್ಕೆ ತಗುಲಿ ಪುಟಿದು ಬಿತ್ತು. ಇನ್ನೂ ಏರಿಸಿದೆ, ಹೊಕ್ಕಿತು. ಇನ್ನೂ ಹಾಕಿದರೆ ಇನ್ನೂ ಚೆನ್ನಾಗಿರುತ್ತದೆಂದು ಗೋಪುರ ಕಟ್ಟಿದ ಹಾಗೆ ತುಂಬಿದ ದಿನ ಕಾಳೆಲ್ಲ ಚೆದುರಿ ಮೊರದ ಅಂಚಿಗೆ ಹೋಗಿ, ನಡುವೆ ಬೋಳಾಯಿತು. ಬಳೆ ಇಟ್ಟ ಹಾಗೆ ಸುತ್ತಲೂ ತೂತು, ಚುಕ್ಕಿಗೆ ಒಂದೂ ಇಲ್ಲ. ಮುಚ್ಚಳದ ಬಾಯಿಯ ಮಟ್ಟಕ್ಕೆ ಬೆರಳಿನಿಂದ ಸವರಿದರೆ, ಸೇರಿನ ಬಾಯಿ ಸವರುತ್ತೇವಲ್ಲ ಹಾಗೆ, ಅದೇ ಸರಿಯಾದ ಅಳತೆ. ಮೊದಲು ಪೇಪರಿನ ಉಂಡೆ ಇಟ್ಟಿದ್ದೆ. ಅದು ಉರಿಯುತ್ತಾ ಹಾರಿ ಒಣಹುಲ್ಲಿಗೆ ಬಿದ್ದು, ಇಬ್ಬರೂ ಕಾಲಲ್ಲಿ ತುಳಿದು ಆರಿಸಿದೆವು. ಆಮೇಲೆ ತೆಂಗಿನ ನಾರನ್ನು ಬಿಗಿಯಾಗಿ ಸುತ್ತಿ ಇಡತೊಡಗಿದೆ.

ಅಳತೆ ಸಿಕ್ಕಿದ ದಿನ, ಸರಿಯಾಗಿ ತುಂಬಿ ಗಜವನ್ನು ನಳಿಗೆಗೆ ಇಳಿಬಿಟ್ಟು, ಅದು ಬಾಯಿಯ ಅಂಚಿಗೆ ಬರುವ ಕಡೆ ಕೆಂಪು ದಾರ ಕಟ್ಟಿದೆ. ಇನ್ನು ಮೇಲೆ ತುಂಬಿದ್ದು ಸರಿಯೋ ಇಲ್ಲವೋ ಎಂದು ಆ ದಾರವೇ ಹೇಳುತ್ತದೆ. ಹೆಚ್ಚಾದರೆ ದಾರ ಮೇಲೆ ನಿಲ್ಲುತ್ತದೆ, ಕಡಿಮೆಯಾದರೆ ಒಳಗೆ ಮುಳುಗುತ್ತದೆ.

ಅಳತೆ ಸರಿಯಾಯಿತು, ಗುರಿ ಸರಿಯಾಗಲಿಲ್ಲ. ಎಷ್ಟು ಹೊಡೆದರೂ ಚುಕ್ಕಿಯ ಎಡಕ್ಕೆ, ಮೇಲಕ್ಕೆ. ನಳಿಗೆಯ ತುದಿಯಲ್ಲಿ ಗುರಿ ನೋಡುವ ಮಣಿಯೇ ಸೊಟ್ಟಗಿದೆ ಎಂದು ನಾನು ಅಂಗಡಿಯವನನ್ನು ಬೈದುಕೊಂಡೆ. ಓರಗಿತ್ತಿ ಹಿಂದೆ ನಿಂತು ನೋಡಿ, "ಮಣಿಗೇನೂ ಆಗಿಲ್ಲ ಕಣಕ್ಕಾ. ಹೊಡೆಯೋ ಹೊತ್ಗೆ ಸರಿಯಾಗಿ ನೀವು ಮುಖ ತಿರುಗಿಸ್ತೀರ. ಗಂಡು ನೋಡೋಕೆ ಬಂದ್ರೆ ಹೆಣ್ಣು ತಿರುಗಿಸುತ್ತಲ್ಲ, ಹಂಗೆ!" ಎಂದಳು.

ಇಲ್ಲ ಎಂದೆ. ಮದ್ದಿಲ್ಲದೆ ಬರೀ ಕುದುರೆ ಎಳೆದು ತೋರಿಸು ಎಂದಳು. ಎಳೆದೆ. ಕೆನ್ನೆ ತಾನಾಗಿಯೇ ಹಿಡಿಯಿಂದ ಎದ್ದು ಪಕ್ಕಕ್ಕೆ ಹೋಗಿತ್ತು.

ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಗಂಡಸರು ಬಂದರೆ ಮುಖ ತಿರುಗಿಸು, ಜೋರಾಗಿ ಮಾತಾಡಿದರೆ ತಿರುಗಿಸು, ಹೆಸರು ಕೇಳಿದರೂ ತಿರುಗಿಸು. ಹುಟ್ಟಿದಾಗಿನಿಂದ ಕಲಿಸಿದ್ದು ಅದನ್ನೇ. ಅದು ಕುತ್ತಿಗೆಯಲ್ಲಿ ಹೀಗೆ ಕೂತುಬಿಟ್ಟಿದೆ ಎಂದು ಗೊತ್ತಿರಲಿಲ್ಲ. ಅಂದಿನಿಂದ ದಿನಾ ಖಾಲಿ ತುಪಾಕಿ ಹಿಡಿದು ನಿಲ್ಲುವುದು, ಕುದುರೆ ಎಳೆಯುವುದು, ಹಿಂದಿನಿಂದ ಓರಗಿತ್ತಿ "ಮುಖಾ!" ಎಂದು ಕೂಗುವುದು. ಅವಳು ಕೂಗುವುದನ್ನು ನಿಲ್ಲಿಸಿದ ದಿನ ಮದ್ದು ತುಂಬಿ ಹೊಡೆದೆ. ಮೊರವನ್ನು ಎತ್ತಿ ನೋಡಿದಾಗ ರಂಗೋಲಿಯ ಚುಕ್ಕಿ ಇರಲಿಲ್ಲ. ಅದು ಇದ್ದ ಕಡೆ ಗುಡ್ಡ ಕಾಣುತ್ತಿತ್ತು. ಆ ತೂತಿಗೆ ಸಗಣಿ ಮೆತ್ತಲಿಲ್ಲ. ಆಮೇಲೆ ಒಂದು ಬೆಳಗ್ಗೆ ಡೋಲುಬಂಡೆಗೂ ಹೊಡೆದು ನೋಡಿದೆ. ಮಳೆನೀರು ಇಳಿದು ಕಪ್ಪಾದ ಪಟ್ಟಿಯ ಬುಡಕ್ಕೆ ಬಡಿದರೆ ಗುಡ್ಡ ಮಾತಾಡುತ್ತದೆ, ಒಂದು ಮಾರು ಆಚೀಚೆಯಾದರೆ ಕೆಮ್ಮುತ್ತದೆ ಅಷ್ಟೇ.

ಊರಿನಲ್ಲಿ ನನಗೆ ‘ಮೊರಕ್ಕೆ ಹೊಡೆಯೋ ಅಮ್ಮ’ ಎಂದು ಹೆಸರಾಗಿತ್ತು. ಆಗಲಿ.

ಆಯುಧಪೂಜೆ ಬಂತು. ಕುಡುಗೋಲು, ಮಚ್ಚು, ಗುದ್ದಲಿ, ಮೈದುನನ ಟ್ರಾಕ್ಟರು, ಎಲ್ಲ ತೊಳೆದು ಅವರ ಮನೆಯ ಅಂಗಳದಲ್ಲಿ ಸಾಲಾಗಿ ಇಟ್ಟಿದ್ದೆವು. ಯಾವಾಗಲೂ ಪೂಜೆ ಅಲ್ಲೇ, ಅತ್ತೆಯ ಎದುರಿಗೆ. ಆಯುಧಕ್ಕೆ ಬೊಟ್ಟು ಇಡುವ ಮೊದಲು ತುಪಾಕಿಯಿಂದ ಗುಡ್ಡದ ಕಡೆ ಒಂದು ಸದ್ದು ಮಾಡುವುದು ನಮ್ಮ ಮನೆಯ ರೂಢಿ. ನಾನು ಚಕಮಕಿಯನ್ನು ಖಾಲಿ ಮಾಡಿ ಒರೆಸಿ ಸಾಲಿನಲ್ಲಿ ಇಟ್ಟು, ನೈವೇದ್ಯಕ್ಕೆ ಕಡಲೆ ಬೇಯಿಸಲು ಒಳಗೆ ಹೋಗಿದ್ದೆ. ಹೊತ್ತು ಇಳಿಯುವ ಮುಂಚೆ ಕಟ್ಟೆಯ ಜನವೆಲ್ಲ ಬಂದು ಸೇರಿದರು. ಅಂಗಳದ ಎದುರಿಗೇ ನನ್ನ ಹೊಲ, ಹೊಲದ ಬದುವಿನ ಮೇಲೆ ಸಿಪ್ಪೆ ಸುಲಿದ ತೆಂಗಿನಕಾಯಿ. ಮೈದುನ ತುಪಾಕಿಯನ್ನು ತಂದು ನನ್ನ ಕೈಗೆ ಕೊಟ್ಟರು.

"ತುಂಬಿಟ್ಟಿದೀನಿ ಅತ್ತಿಗೆ. ಕೇಪು ಇಟ್ಟು ಒತ್ತೋದೊಂದೇ ಕೆಲಸ ನಿಮ್ಗೆ."

ಒಳ್ಳೆಯ ಮನಸ್ಸಿನಿಂದ ಮಾಡಿದ್ದೋ, ನಾನು ಬೀಳಲಿ ಎಂದು ಮಾಡಿದ್ದೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಕೇಪು ತೆಗೆದುಕೊಳ್ಳಲಿಲ್ಲ. ಗಜವನ್ನು ನಳಿಗೆಗೆ ಇಳಿಬಿಟ್ಟೆ. ಕೆಂಪು ದಾರ ಬಾಯಿಂದ ಬಹಳ ಮೇಲೆ ನಿಂತಿತು.

"ಯಾವ ಅಳತೇಲಿ ಹಾಕಿದ್ರಿ?" ಎಂದು ಕೇಳಿದೆ.

"ನಮ್ಮಣ್ಣನ ಕೊಂಬು ನಿಮ್ಮ ಜಗಲಿ ಮೇಲೇ ಇತ್ತಲ್ಲ. ಇನ್ಯಾವ ಅಳತೆ?"

ಭುಜ ನನಗಿಂತ ಮೊದಲೇ ನೆನಪು ಮಾಡಿಕೊಂಡಿತು. ನಾನು ಅಲ್ಲೇ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತೆ. ಗಜದ ತುದಿಗೆ ತಿರುಪಿನ ಕೊಕ್ಕೆ ಹಾಕಿ, ಮೇಲಿನ ನಾರನ್ನು ಸುತ್ತಿ ಎಳೆದೆ. ಸೀಸದ ಕಾಳನ್ನು ತಟ್ಟೆಗೆ ಸುರಿದೆ. ಒಳಗಿನ ನಾರನ್ನು ಎಳೆದೆ. ಮದ್ದನ್ನು ಕಾಗದದ ಮೇಲೆ ಬಗ್ಗಿಸಿ, ನಳಿಗೆಯನ್ನು ತಟ್ಟಿ ತಟ್ಟಿ ಕೊನೆಯ ಕಾಳಿನವರೆಗೂ ತೆಗೆದೆ. ಊರೆಲ್ಲ ನಿಂತು ನೋಡುತ್ತಿತ್ತು. ಅವಸರವೇ ಮಾಡಲಿಲ್ಲ. ಅಷ್ಟು ಜನರನ್ನು ಕಾಯಿಸಿದ್ದು ಜೀವನದಲ್ಲಿ ಅದೇ ಮೊದಲು.

"ಏನಮ್ಮಾ, ತುಂಬಿದ್ದನ್ನ ಯಾಕೆ ಬಿಚ್ತೀಯ? ಭಯಾನಾ?" ಎಂದರು ಕಟ್ಟೆಯ ಹಿರಿಯರು.

ನಾನು ಸೊಂಟದಿಂದ ಭರಣಿ ತೆಗೆದೆ. ಹೆಂಗಸರ ಗುಂಪಿನಲ್ಲಿ ಗುಸುಗುಸು ಎದ್ದಿತು. ಮುಚ್ಚಳದಲ್ಲಿ ಮದ್ದು ತೆಗೆದು, ಬೆರಳಿನಿಂದ ಸವರಿ, ಸುರಿದೆ. ನಾರು, ಕಾಳು, ನಾರು. ಗಜ ಇಳಿಬಿಟ್ಟೆ. ದಾರ ಬಾಯಿಯ ಅಂಚಿಗೆ ಬಂದು ನಿಂತಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತೆ. ಕೇಪು ಇಟ್ಟೆ.

ಕಾಯಿ ಎದುರಿಗೇ ಇತ್ತು. ಒಡೆಯಬಹುದು ಎಂದು ನನಗೆ ಗೊತ್ತಿತ್ತು. ಒಡೆದರೆ ತುಪಾಕಿ ನನ್ನದು ಎನ್ನುತ್ತಾರೆ. ಮುಂದಿನ ವರ್ಷ ನಿಂಬೆಹಣ್ಣು ಇಡುತ್ತಾರೆ. ಅದರ ಮುಂದಿನ ವರ್ಷ ಇನ್ನೇನೋ. ಅವರು ಇಡುತ್ತಾ ಇರುವುದು, ನಾನು ಹೊಡೆಯುತ್ತಾ ಇರುವುದು.

"ತೆಂಗಿನಕಾಯಿ ನನ್ನ ಹೊಲಕ್ಕೆ ಬಂದು ಕಳ್ಳೇಕಾಯಿ ತಿಂದಿಲ್ಲ," ಎಂದೆ. ನನ್ನ ಧ್ವನಿ ಅಷ್ಟು ದೊಡ್ಡದಿದೆ ಎಂದು ನನಗೂ ಗೊತ್ತಿರಲಿಲ್ಲ. "ತುಪಾಕಿ ಈಗಾಗ್ಲೇ ನಂದು. ನೀವ್ಯಾರೂ ಕೊಡೋದು ಬೇಕಾಗಿಲ್ಲ."

ಬದುವಿನ ಕಡೆಯಿಂದ ತಿರುಗಿ ನಳಿಗೆಯನ್ನು ಡೋಲುಬಂಡೆಯ ಕಪ್ಪು ಪಟ್ಟಿಗೆ ಎತ್ತಿದೆ. ಕೆನ್ನೆ ಒತ್ತಿದೆ. ಮುಖ ತಿರುಗಿಸಲಿಲ್ಲ.

ಹೊಡೆದ ಸದ್ದು ಒಂದು; ಅದು ಹೋಗಿ ಬಂಡೆಯ ಪೊಳ್ಳಿಗೆ ಹೊಕ್ಕು ವಾಪಸ್ಸು ಬಂದದ್ದು ಇನ್ನೊಂದು. ಅಂಗಳದಲ್ಲಿ ಇಟ್ಟಿದ್ದ ಕುಡುಗೋಲುಗಳು ಸಣ್ಣಗೆ ಗಿಲಿಗಿಲಿ ಎಂದವು. ನಾಯಿಗಳು ಮನೆಯೊಳಗೆ ನುಗ್ಗಿದವು. ಬಂಡೆಯ ಕೆಳಗಿನ ಲಂಟಾನ ಪೊದೆ ಅಲ್ಲಾಡಿತು. ಅದರೊಳಗಿಂದ ಕಪ್ಪನೆಯ ಹಂದಿ ಒಂದು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮರಿಗಳ ಸಾಲು, ಹಗಲಲ್ಲೇ ಎಲ್ಲರ ಕಣ್ಣೆದುರಿಗೆ ಗುಡ್ಡದ ನೆತ್ತಿ ಹತ್ತಿ ಆ ಕಡೆಗೆ ಇಳಿದುಹೋದವು.

ಓರಗಿತ್ತಿ, "ಕಾಯಿ ಒಡೆದಿದ್ರೆ ಚಟ್ನಿ ಆಗ್ತಿತ್ತು ಅಷ್ಟೇ," ಎಂದಳು. ಮೈದುನ ಅವಳ ಕಡೆ ತಿರುಗಿ ನೋಡಿದರು. ಆ ತಿಂಗಳಿನ ಸೊಪ್ಪಿನ ಸಾರು ಅವರಿಗೆ ಆಗ ಅರ್ಥವಾಗಿರಬೇಕು.

ನಮ್ಮ ಅತ್ತೆ ಜಗಲಿಯ ಮೇಲೆ ಕೂತಿದ್ದರು. ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ, ಕಿವಿ ಚುರುಕು. ಗುಡ್ಡದ ಸದ್ದು ಇಳಿಯುವವರೆಗೂ ಕುತ್ತಿಗೆ ಚಾಚಿ ಕೇಳಿಸಿಕೊಂಡರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಇದು ನನ್ ದೊಡ್ಡ ಮಗನ ಸದ್ದು," ಎಂದರು.

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಆ ಭುಜದ ನೋವು, ಆ ಮೊರ, ಮದ್ದಿನ ಒಂದೊಂದು ಚಿಟಿಕೆ ನೆನಪಾದವು.

"ಇಲ್ಲತ್ತೆ," ಎಂದೆ. "ಇದು ನಂದು."

ಅವರು ನನ್ನ ಕಡೆ ಮುಖ ಮಾಡಿದರು. "ಹಂಗಾದ್ರೆ ಬೊಟ್ಟೂ ನೀನೇ ಇಡು," ಎಂದರು.

ಗಂಡ ಹೋದವಳು ಪೂಜೆಯಲ್ಲಿ ಕುಂಕುಮ ಮುಟ್ಟುವುದು ನಮ್ಮ ಕಡೆ ಇಲ್ಲ. ಅತ್ತೆಯೂ ಅಷ್ಟು ವರ್ಷದಿಂದ ಮುಟ್ಟಿರಲಿಲ್ಲ. ಮೈದುನ, "ಅಮ್ಮಾ, ಅದೆಂಗಾಗ್ತದೆ..." ಎಂದು ಶುರು ಮಾಡಿದರು. ಅತ್ತೆಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. "ನೋರು ಮುಯ್ರಾ!" ಎಂದರು. ಬಾಯಿ ಮುಚ್ಚು ಎಂದು. ಅವರು ಮುಚ್ಚಿದರು.

ಓರಗಿತ್ತಿ ತನ್ನ ಕುಂಕುಮದ ತಟ್ಟೆಯನ್ನು ನನ್ನ ಮುಂದೆ ಹಿಡಿದಳು. ನನ್ನ ಬೆರಳೆಲ್ಲ ಮದ್ದಿನ ಕಪ್ಪು. ತೊಳೆದುಕೊಳ್ಳಲಿಲ್ಲ. ಆ ಬೆರಳಿನಿಂದಲೇ ಚಕಮಕಿಯ ಹಿಡಿಗೆ ಬೊಟ್ಟು ಇಟ್ಟೆ. ಕೆಂಪಿಗೆ ಕಪ್ಪು ಸೇರಿ ಕಂದುಬಣ್ಣವಾಯಿತು. ಬದುವಿನ ಮೇಲಿದ್ದ ಕಾಯಿಯನ್ನು ತಂದು ಪೂಜೆಗೇ ಒಡೆದೆವು.

ಆ ವರ್ಷ ಕಡಲೆಕಾಯಿಯನ್ನು ಪೂರ್ತಿ ಕಿತ್ತೆವು. ಮೈದುನ ಕೊಯ್ಲಿನವರೆಗೂ ನನ್ನ ಜೊತೆ ಮಾತು ಬಿಟ್ಟಿದ್ದರು. ಬಿತ್ತನೆಕಾಯಿ ಬೇಕಾದಾಗ ಬಂದರು. ಕೊಟ್ಟೆ. ಮಾವಿನ ಸಸಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎಲೆಕ್ಷನ್ ಬಂದರೆ ತುಪಾಕಿಯನ್ನು ಪೊಲೀಸ್ ಸ್ಟೇಷನ್ನಿನಲ್ಲಿ ಇಡಬೇಕು. "ನಾನು ಶ್ರೀನಿವಾಸಪುರದ ಕಡೆ ಹೋಗ್ತೀನಿ, ಕೊಟ್ಟು ಬರ್ಲಾ ಅತ್ತಿಗೆ?" ಎನ್ನುತ್ತಾರೆ. ಬೇಡ ಎನ್ನುತ್ತೇನೆ. ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ನಾನೇ ಹೋಗಿ ಇಟ್ಟು, ನಾನೇ ಹೋಗಿ ತರುತ್ತೇನೆ. ಕಂಡಕ್ಟರ್ ಏನದು ಎಂದು ಕೇಳಿದರೆ ಮುಖ ನೋಡಿಯೇ ಹೇಳುತ್ತೇನೆ.

ಕಾಯಿಗೆ ಹೊಡೆಯುವ ಧೈರ್ಯವಿಲ್ಲದೆ ಗುಡ್ಡಕ್ಕೆ ಹೊಡೆದಳು, ಅಷ್ಟು ದೊಡ್ಡ ಗುಡ್ಡಕ್ಕೆ ಯಾರು ಹೊಡೆದರೂ ತಗಲುತ್ತದೆ ಎಂದು ಕಟ್ಟೆಯ ಮೇಲೆ ಈಗಲೂ ಒಬ್ಬಿಬ್ಬರು ಹೇಳುತ್ತಾರೆ. ನಿಮ್ಮ ಕಿವಿಗೂ ಬೀಳಬಹುದು. ಬಿದ್ದರೆ ಜಗಳ ಆಡಬೇಡಿ. ಅಡುಗೆಮನೆಗೆ ಕರೆದುಕೊಂಡು ಬನ್ನಿ. ಆ ಮೊರವನ್ನು ಗೋಡೆಯಿಂದ ಇಳಿಸಿ ಅವರ ಕೈಗೆ ಕೊಟ್ಟು, ಬೆಳಕಿಗೆ ಹಿಡಿದು, ನಡುವಿನಲ್ಲಿ ನೋಡಿ ಎನ್ನಿ.